‘250’ ಎನ್ನುವ ಮುನ್ನ: ಮೇಲ್ ಸರ್ವರ್‌ನಲ್ಲಿ ಸ್ಪ್ಯಾಮ್ ಮತ್ತು ವೈರಸ್ ಸೋಸುವ ಬಗೆ

ಮಡಿಕೇರಿಯ ಒಂದು ಸಣ್ಣ ಕಚೇರಿಯಲ್ಲಿರುವ ಮೇಲ್ ಸರ್ವರನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅದನ್ನು ನೆಚ್ಚಿಕೊಂಡವರಲ್ಲಿ ಕಾಫಿ, ಕಾಳುಮೆಣಸು ಬೆಳೆಗಾರರಿದ್ದಾರೆ, ಹೋಂಸ್ಟೇ ನಡೆಸುವವರಿದ್ದಾರೆ. ಇವರ ಪಾಲಿಗೆ ಅತಿ ಮುಖ್ಯವಾದ ಪತ್ರ ಹೆಚ್ಚಾಗಿ ಅಪರಿಚಿತರಿಂದಲೇ ಬರುತ್ತದೆ: ಮುಂದಿನ ತಿಂಗಳು ಮಕ್ಕಳೊಂದಿಗೆ ಬರುತ್ತೇವೆ, ಕೋಣೆ ಇದೆಯೇ ಎಂದು ಕೇಳುವ ಕುಟುಂಬ, ಮಾದರಿ ಬೀಜ ಕಳುಹಿಸಿ ಎನ್ನುವ ಹೊರದೇಶದ ರೋಸ್ಟರ್. ಸ್ಪ್ಯಾಮ್ ಕಳುಹಿಸುವವನೂ ಅಪರಿಚಿತನೇ. ಆದ್ದರಿಂದ ಗೊತ್ತಿಲ್ಲದವರನ್ನೆಲ್ಲ ತಡೆದುಬಿಡುವ ಸುಲಭದ ದಾರಿ ಇಲ್ಲಿ ಮೊದಲೇ ಮುಚ್ಚಿದೆ.

ಆರಂಭದಲ್ಲಿ ನಾನು ಮಾಡಿದ್ದ ಏರ್ಪಾಡಿನಲ್ಲಿ, ಅನುಮಾನದ ಪತ್ರಗಳು ಯಾರಿಗೂ ತಿಳಿಯದಂತೆ ಸರ್ವರ್‌ನ ಒಂದು ಮೂಲೆಯಲ್ಲಿ ಶೇಖರವಾಗುತ್ತಿದ್ದವು. ಒಬ್ಬ ಖರೀದಿದಾರರ ಪತ್ರ ಅಲ್ಲಿ ಹನ್ನೊಂದು ದಿನ ಬಿದ್ದಿತ್ತು. ಕಳುಹಿಸಿದವರು ಪತ್ರ ತಲುಪಿದೆ ಎಂದೇ ತಿಳಿದಿದ್ದರು. ಉತ್ತರ ಬಾರದಿರುವುದನ್ನು ನಿರಾಸಕ್ತಿ ಎಂದು ಅರ್ಥಮಾಡಿಕೊಂಡು ಬೇರೆ ತೋಟದವರ ಬಳಿಗೆ ಹೋದರು. ನೂರು ಸ್ಪ್ಯಾಮ್ ಒಳಗೆ ಬಂದರೂ ಇಷ್ಟು ನಷ್ಟವಾಗುತ್ತಿರಲಿಲ್ಲ. ಆ ಬಳಿಕ ಇಡೀ ಸೋಸುವಿಕೆಯನ್ನು ನಾನು ಒಂದೇ ನಿಯಮದ ಮೇಲೆ ಮತ್ತೆ ಕಟ್ಟಿದೆ: ಬೇಡವೆನ್ನುವುದಾದರೆ ಬಾಗಿಲಲ್ಲೇ ಬಾಯಿಬಿಟ್ಟು ಬೇಡವೆನ್ನಬೇಕು, ಒಮ್ಮೆ ಒಪ್ಪಿಕೊಂಡ ಪತ್ರವನ್ನು ಸದ್ದಿಲ್ಲದೆ ನುಂಗಬಾರದು.

ಈ ನಿಯಮ ಅರ್ಥವಾಗಬೇಕಾದರೆ ಪತ್ರವೊಂದು ಬಂದು ಸೇರುವ ಬಗೆಯನ್ನು ನೋಡಬೇಕು. ಕಳುಹಿಸುವ ಸರ್ವರ್ ನಮ್ಮ ಸರ್ವರ್‌ನ 25ನೆಯ ಪೋರ್ಟ್‌ಗೆ ಸಂಪರ್ಕ ಹೂಡುತ್ತದೆ. ನಂತರ ನಡೆಯುವುದು ಎಸ್‌ಎಂಟಿಪಿ ಎಂಬ ಸಂಭಾಷಣೆ. ಅದರ ಚೌಕಟ್ಟು 1982ರಷ್ಟು ಹಳೆಯದು, ಈಗ ಜಾರಿಯಲ್ಲಿರುವ ರೂಪವನ್ನು 2008ರ ಆರ್‌ಎಫ್‌ಸಿ 5321 ಎಂಬ ಅಂತರಜಾಲದ ಮಾನಕ ದಾಖಲೆ ವಿವರಿಸುತ್ತದೆ. ಬಂದವರು ಮೊದಲು ತಮ್ಮ ಹೆಸರು ಹೇಳುತ್ತಾರೆ, ಆಮೇಲೆ ಯಾರಿಂದ, ಯಾರಿಗೆ ಎಂದು ಹೇಳುತ್ತಾರೆ, ಕೊನೆಗೆ ಪತ್ರದ ಒಡಲನ್ನು ಒಪ್ಪಿಸುತ್ತಾರೆ. ಪ್ರತಿ ಹೆಜ್ಜೆಗೂ ನಮ್ಮ ಸರ್ವರ್ ಮೂರಂಕಿಯ ಉತ್ತರ ಕೊಡುತ್ತದೆ. 2ರಿಂದ ಮೊದಲಾದರೆ ಒಪ್ಪಿಗೆ, 4ರಿಂದ ಮೊದಲಾದರೆ ‘ಈಗ ಆಗದು, ಆಮೇಲೆ ಬನ್ನಿ’, 5ರಿಂದ ಮೊದಲಾದರೆ ‘ಇಲ್ಲ’. ಒಡಲು ಪೂರ್ತಿ ಬಂದ ಮೇಲೆ ನಾವು 250 ಎಂದು ಉತ್ತರಿಸಿದ ಕ್ಷಣದಲ್ಲಿ ಆ ಪತ್ರದ ಹೊಣೆ ಅವರ ಹೆಗಲಿನಿಂದ ನಮ್ಮ ಹೆಗಲಿಗೆ ದಾಟುತ್ತದೆ. ಇನ್ನು ಅದನ್ನು ತಲುಪಿಸಬೇಕಾದವರೂ, ತಲುಪಿಸಲಾಗದಿದ್ದರೆ ತಿಳಿಸಬೇಕಾದವರೂ ನಾವೇ.

250 ಎನ್ನುವ ಮುನ್ನ 5ರ ಉತ್ತರ ಕೊಟ್ಟರೆ, ಕಳುಹಿಸಿದವರ ಸರ್ವರೇ ತನ್ನ ಬಳಕೆದಾರರಿಗೆ ‘ನಿಮ್ಮ ಪತ್ರ ಹೋಗಲಿಲ್ಲ’ ಎಂದು ತಿಳಿಸುತ್ತದೆ. ನಿಜವಾದ ಗಿರಾಕಿಯಾಗಿದ್ದರೆ ಫೋನ್ ಮಾಡುತ್ತಾರೆ. ಸ್ಪ್ಯಾಮ್ ಯಂತ್ರವಾಗಿದ್ದರೆ ಮುಂದಿನ ವಿಳಾಸಕ್ಕೆ ಹೋಗುತ್ತದೆ. ಆದರೆ 250 ಎಂದ ಮೇಲೆ ಅದು ಸ್ಪ್ಯಾಮ್ ಎಂದು ತಿಳಿದರೆ ಉಳಿಯುವ ದಾರಿಗಳು ಒಂದಕ್ಕಿಂತ ಒಂದು ಕೆಟ್ಟವು. ಸದ್ದಿಲ್ಲದೆ ಅಳಿಸಿದರೆ ನನ್ನ ಹನ್ನೊಂದು ದಿನಗಳ ಕಥೆಯಾಗುತ್ತದೆ. ‘ತಲುಪಲಿಲ್ಲ’ ಎಂಬ ಪತ್ರವನ್ನು ನಾವೇ ಹಿಂದಕ್ಕೆ ಕಳುಹಿಸಿದರೆ, ಸ್ಪ್ಯಾಮ್‌ನಲ್ಲಿ ಕಳುಹಿಸಿದವರ ವಿಳಾಸ ಸಾಮಾನ್ಯವಾಗಿ ಕದ್ದದ್ದಾಗಿರುವುದರಿಂದ, ಆ ಪತ್ರ ಏನೂ ಅರಿಯದ ಮೂರನೆಯವರ ಪೆಟ್ಟಿಗೆಗೆ ಬೀಳುತ್ತದೆ. ಹೀಗೆ ಬೇರೆಯವರ ಮೇಲೆ ಕಸ ಸುರಿಯುವ ಸರ್ವರ್ ತಾನೇ ಕಪ್ಪುಪಟ್ಟಿಗೆ ಸೇರುತ್ತದೆ. ಇಲ್ಲದ ಬಳಕೆದಾರರ ಹೆಸರಿಗೆ ಬರುವ ಪತ್ರಗಳನ್ನೂ ಈ ಕಾರಣಕ್ಕಾಗಿಯೇ ‘ಯಾರಿಗೆ’ ಎಂಬ ಹೆಜ್ಜೆಯಲ್ಲೇ ನಿರಾಕರಿಸಬೇಕು. ನಮ್ಮ ಡೊಮೇನ್‌ನ ಯಾವ ಹೆಸರಿಗೆ ಬಂದರೂ ಒಂದೇ ಪೆಟ್ಟಿಗೆಗೆ ಹಾಕುವ ಏರ್ಪಾಡು ಉದಾರವಾಗಿ ಕಂಡರೂ, ಸ್ಪ್ಯಾಮ್‌ಗೆ ಅದು ತೆರೆದಿಟ್ಟ ಗೇಟು.

ನಾನು ಬಳಸುವುದು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ. ವೀಟ್ಸೆ ವೆನೆಮಾ ಅವರು ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದು 1998ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಪತ್ರದ ಗುಣ ಅಳೆಯುವ ಆರ್‌ಸ್ಪ್ಯಾಮ್‌ಡಿಯನ್ನೂ, ವೈರಸ್ ಹುಡುಕುವ ಕ್ಲ್ಯಾಮ್‌ಎವಿಯನ್ನೂ ಜೋಡಿಸಿದ್ದೇನೆ. ಜೋಡಿಸುವ ವಿಧಾನದ ಹೆಸರು ಮಿಲ್ಟರ್. ಹಿಂದೆ ಬಹಳ ಬಳಕೆಯಲ್ಲಿದ್ದ ಅಮಾವಿಸ್ ವಿಧಾನದಲ್ಲಿ ಪೋಸ್ಟ್‌ಫಿಕ್ಸ್ ಪತ್ರವನ್ನು ಮೊದಲು ಒಪ್ಪಿಕೊಂಡು, 10024ನೆಯ ಪೋರ್ಟ್‌ನಲ್ಲಿ ಪರೀಕ್ಷೆಗೆ ಕೊಟ್ಟು, 10025ರಲ್ಲಿ ಮರಳಿ ಪಡೆಯುತ್ತಿತ್ತು. ಅದು ಗಟ್ಟಿಯಾದ ಏರ್ಪಾಡೇ, ಆದರೆ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ 250 ಎಂದಾಗಿರುತ್ತಿತ್ತು. ಮಿಲ್ಟರ್‌ನಲ್ಲಿ ಕಳುಹಿಸುವವರು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ಪರೀಕ್ಷೆ ಮುಗಿಯುತ್ತದೆ. ಸಣ್ಣ ಸರ್ವರ್ ನಡೆಸುವವರಿಗೆ ನಾನು ಹಿಂಜರಿಕೆಯಿಲ್ಲದೆ ಸೂಚಿಸುವುದು ಇದನ್ನೇ.

ಪರೀಕ್ಷೆಗಳ ಕ್ರಮವೂ ಮುಖ್ಯ. ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕುವ ಮೊದಲು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತೇಲಿದ್ದನ್ನು ತೆಗೆದುಬಿಡುತ್ತೇವೆ. ಬೀಜವನ್ನು ಒಂದೊಂದಾಗಿ ಕೈಯಲ್ಲಿ ಆರಿಸುವ ಕೆಲಸ ಬರುವುದು ಕೊನೆಯಲ್ಲಿ. ಮೇಲ್ ಸರ್ವರ್‌ನಲ್ಲಿಯೂ ಅಗ್ಗದ ಪರೀಕ್ಷೆ ಮೊದಲು, ದುಬಾರಿಯಾದದ್ದು ಕೊನೆಗೆ. ಅತಿ ಅಗ್ಗದ್ದೆಂದರೆ ಕಾಯಿಸುವುದು. ಪೋಸ್ಟ್‌ಫಿಕ್ಸ್‌ನ ಪೋಸ್ಟ್‌ಸ್ಕ್ರೀನ್ ಎಂಬ ಭಾಗ ಹೊಸದಾಗಿ ಬಂದವರನ್ನು ಆರು ಸೆಕೆಂಡು ನಿಲ್ಲಿಸಿ ಆಮೇಲೆ ಮಾತನಾಡಿಸುತ್ತದೆ. ನಿಯಮ ತಿಳಿದ ಸರ್ವರ್ ನಮ್ಮ ಸ್ವಾಗತವನ್ನು ಪೂರ್ತಿ ಕೇಳಿಯೇ ಬಾಯಿ ತೆರೆಯುತ್ತದೆ; ಗಂಟೆಗೆ ಸಾವಿರಾರು ಬಾಗಿಲು ಬಡಿಯಬೇಕಾದ ಸ್ಪ್ಯಾಮ್ ಯಂತ್ರಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ, ಅದು ನಡುವೆಯೇ ಮಾತಿಗೆ ತೊಡಗಿ ಸಿಕ್ಕಿಬೀಳುತ್ತದೆ. ಪತ್ರದ ಒಂದಕ್ಷರವನ್ನೂ ಓದದೆ ಆಗುವ ಸೋಸುವಿಕೆ ಇದು.

ಮುಂದಿನದು ಕಪ್ಪುಪಟ್ಟಿ, ಅಂದರೆ ನಂಬಲಾಗದ ಐಪಿ ವಿಳಾಸಗಳ ಪಟ್ಟಿ. ಬಂದವರ ಐಪಿ ವಿಳಾಸವನ್ನು ತಿರುಗುಮುರುಗಾಗಿ ಬರೆದು ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಯ ಡೊಮೇನ್ ಹೆಸರಿಗೆ ಅಂಟಿಸಿ ಡಿಎನ್‌ಎಸ್ (ಡೊಮೇನ್ ಹೆಸರು ಕೇಳಿದರೆ ಅದರ ವಿಳಾಸ ಹೇಳುವ ಅಂತರಜಾಲದ ವ್ಯವಸ್ಥೆ) ಮೂಲಕ ಕೇಳಿದರೆ, ಪಟ್ಟಿಯಲ್ಲಿದ್ದವರಿಗೆ 127.0.0.2ರಂತಹ ಉತ್ತರ ಬರುತ್ತದೆ, ಇಲ್ಲದವರಿಗೆ ಉತ್ತರವೇ ಇರುವುದಿಲ್ಲ. ಇಲ್ಲಿ ಎಚ್ಚರ ವಹಿಸಬೇಕಾದ ಒಂದು ತಗ್ಗಿದೆ. ಸರ್ವರ್‌ನ ಡಿಎನ್‌ಎಸ್ ವಿಳಾಸವಾಗಿ 8.8.8.8ರಂತಹ ಸಾರ್ವಜನಿಕ ಸೇವೆಯನ್ನು ಕೊಟ್ಟಿದ್ದರೆ ಸ್ಪ್ಯಾಮ್‌ಹೌಸ್ ಪ್ರಶ್ನೆಗೆ ಉತ್ತರ ಕೊಡದೆ 127.255.255.254 ಎಂಬ ದೋಷಸೂಚನೆಯನ್ನು ಕಳುಹಿಸುತ್ತದೆ. ಉತ್ತರ ಬಂದರೆ ಸಾಕು, ಪಟ್ಟಿಯಲ್ಲಿದ್ದಾರೆ ಎಂದರ್ಥ ಎಂದು ಬರೆದ ಸಂರಚನೆ ಈ ಸೂಚನೆಯನ್ನು ತಪ್ಪಾಗಿ ಓದಿ ಇಡೀ ಜಗತ್ತಿನ ಪತ್ರವನ್ನು ನಿರಾಕರಿಸತೊಡಗುತ್ತದೆ. ಸರ್ವರ್‌ನಲ್ಲೇ ಅನ್‌ಬೌಂಡ್‌ನಂತಹ ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ಸ್ವಂತ ಪರಿಹಾರಕವನ್ನು ಇಟ್ಟುಕೊಳ್ಳುವುದು, ಮತ್ತು 127.0.0.2ರಿಂದ 127.0.0.11ರವರೆಗಿನ ಉತ್ತರಗಳನ್ನು ಮಾತ್ರ ಒಪ್ಪುವಂತೆ ಬರೆಯುವುದು, ಈ ಎರಡೂ ಬೇಕು. ಇದೇ ಪಟ್ಟಿಗಳಲ್ಲಿ ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಗಳೂ ಇರುತ್ತವೆ. ಹಾಗಾಗಿ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಮನೆಯ ಸಂಪರ್ಕದಿಂದಲೇ ಮೇಲ್ ಸರ್ವರ್ ನಡೆಸಲು ಹೊರಟವರ ಪತ್ರಗಳು ಬಹುತೇಕ ಕಡೆ ಸ್ವೀಕಾರವಾಗುವುದಿಲ್ಲ; ಸ್ಥಿರ ಐಪಿ ವಿಳಾಸವನ್ನೂ, ಆ ವಿಳಾಸದಿಂದ ಸರ್ವರ್‌ನ ಹೆಸರನ್ನು ತಿಳಿಸುವ ಹಿಮ್ಮುಖ ಡಿಎನ್‌ಎಸ್ ದಾಖಲೆಯನ್ನೂ ಸಂಪರ್ಕ ಕೊಡುವವರಿಂದ ಮೊದಲೇ ಕೇಳಿ ಪಡೆಯಬೇಕು.

ಗ್ರೇಲಿಸ್ಟಿಂಗ್ ಎಂಬುದು 4ರ ಉತ್ತರದ ಜಾಣ ಬಳಕೆ. ಹಿಂದೆ ನೋಡಿರದ ಕಡೆಯಿಂದ ಪತ್ರ ಬಂದರೆ ‘ಆಮೇಲೆ ಬನ್ನಿ’ ಎನ್ನುವುದು. ನಿಜವಾದ ಸರ್ವರ್ ಕೆಲವು ನಿಮಿಷ ಬಿಟ್ಟು ಮತ್ತೆ ಬರುತ್ತದೆ, ಸ್ಪ್ಯಾಮ್ ಯಂತ್ರ ಹೆಚ್ಚಾಗಿ ಬರುವುದಿಲ್ಲ. ಇದನ್ನು ಎಲ್ಲರಿಗೂ ಅನ್ವಯಿಸುವುದನ್ನು ನಾನು ನಿಲ್ಲಿಸಿದೆ. ದೊಡ್ಡ ಸೇವೆಗಳು ಎರಡನೆಯ ಸಲ ಬೇರೊಂದು ಐಪಿ ವಿಳಾಸದಿಂದ ಬರುವುದುಂಟು, ಆಗ ಕಾಯುವಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹತ್ತು ನಿಮಿಷದಲ್ಲಿ ಅವಧಿ ಮುಗಿಯುವ ಬ್ಯಾಂಕಿನ ಒಟಿಪಿ ಹದಿನೈದು ನಿಮಿಷಕ್ಕೆ ತಲುಪಿದರೆ ಯಾರಿಗೂ ಪ್ರಯೋಜನವಿಲ್ಲ. ಈಗ ಆರ್‌ಸ್ಪ್ಯಾಮ್‌ಡಿ ಕೊಡುವ ಸ್ಪ್ಯಾಮ್ ಅಂಕ ಸ್ವಲ್ಪ ಹೆಚ್ಚಿರುವ ಪತ್ರಗಳಿಗೆ ಮಾತ್ರ ಇದನ್ನು ಇಟ್ಟುಕೊಂಡಿದ್ದೇನೆ.

ಗುರುತಿನ ಪರೀಕ್ಷೆಗಳು ಮೂರು. ಒಂದು ಡೊಮೇನ್‌ನ ಹೆಸರಿನಲ್ಲಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದು ಎಂದು ಡಿಎನ್‌ಎಸ್‌ನಲ್ಲಿ ಪ್ರಕಟಿಸುವುದು ಎಸ್‌ಪಿಎಫ್. ಪತ್ರದ ಮೇಲೆ ಗೂಢಲಿಪಿಯ ಸಹಿ ಹಾಕುವುದು ಡಿಕಿಮ್. ಓದುಗರ ಕಣ್ಣಿಗೆ ಕಾಣುವ ‘ಇಂದ’ ವಿಳಾಸದೊಂದಿಗೆ ಇವೆರಡರಲ್ಲಿ ಒಂದಾದರೂ ಹೊಂದಬೇಕು, ಹೊಂದದಿದ್ದರೆ ಏನು ಮಾಡಬೇಕು ಎಂದು ಆ ಡೊಮೇನ್‌ನ ಒಡೆಯರೇ ಹೇಳುವುದು ಡಿಮಾರ್ಕ್. ಎಸ್‌ಪಿಎಫ್ ತಪ್ಪಿದ ಮಾತ್ರಕ್ಕೆ ಪತ್ರ ನಿರಾಕರಿಸಬಾರದು, ಏಕೆಂದರೆ ಯಾರಾದರೂ ತಮ್ಮ ಹಳೆಯ ವಿಳಾಸದಿಂದ ಹೊಸದಕ್ಕೆ ಪತ್ರ ದಾಟಿಸುವ ಏರ್ಪಾಡು ಮಾಡಿಕೊಂಡಿದ್ದರೆ ಅದು ಸಹಜವಾಗಿಯೇ ತಪ್ಪುತ್ತದೆ. ಡಿಮಾರ್ಕ್ ‘ನಿರಾಕರಿಸಿ’ ಎಂದರೆ ನಿರಾಕರಿಸಬಹುದು. ಇವು ಹೇಳುವುದು ಪತ್ರ ಯಾರದು ಎಂಬುದನ್ನಷ್ಟೇ, ಅವರು ಒಳ್ಳೆಯವರೇ ಎಂಬುದನ್ನಲ್ಲ. ಹತ್ತು ನಿಮಿಷದ ಹಿಂದೆ ಡೊಮೇನ್ ಕೊಂಡ ಮೋಸಗಾರನೂ ಮೂರನ್ನೂ ಸರಿಯಾಗಿ ಇಟ್ಟುಕೊಂಡಿರಬಹುದು. ನಮ್ಮ ಕಡೆಯಿಂದ ಹೊರಡುವ ಪತ್ರಗಳಿಗಂತೂ ಇವು ಇರಲೇಬೇಕು. ಗೂಗಲ್ ಮತ್ತು ಯಾಹೂ ಫೆಬ್ರವರಿ 2024ರಿಂದ ಭಾರಿ ಸಂಖ್ಯೆಯಲ್ಲಿ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ, ಸಣ್ಣವರಿಂದಲೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಕೇಳುತ್ತವೆ.

ಇಷ್ಟನ್ನೂ ದಾಟಿ ಬಂದ ಪತ್ರವನ್ನು ಈಗ ಓದಬೇಕು. 2001ರಲ್ಲಿ ಬಂದ ಸ್ಪ್ಯಾಮ್‌ಅಸ್ಯಾಸಿನ್ ಜನಪ್ರಿಯಗೊಳಿಸಿದ ಉಪಾಯವನ್ನೇ ಆರ್‌ಸ್ಪ್ಯಾಮ್‌ಡಿಯೂ ಅನುಸರಿಸುತ್ತದೆ: ಯಾವ ಒಂದು ಲಕ್ಷಣವೂ ತೀರ್ಪು ಕೊಡುವುದಿಲ್ಲ, ಪ್ರತಿ ಲಕ್ಷಣಕ್ಕೂ ಕೂಡುವ ಅಥವಾ ಕಳೆಯುವ ಅಂಕವಿದೆ, ಮೊತ್ತ ಗಡಿ ದಾಟಿದರೆ ಕ್ರಮ. ಸ್ಪ್ಯಾಮ್‌ಅಸ್ಯಾಸಿನ್‌ನ ರೂಢಿಯ ಗಡಿ 5. ಆರ್‌ಸ್ಪ್ಯಾಮ್‌ಡಿಯಲ್ಲಿ ಗಡಿಗಳು ಮೂರು. 4 ದಾಟಿದರೆ ಗ್ರೇಲಿಸ್ಟಿಂಗ್, 6 ದಾಟಿದರೆ ಸ್ಪ್ಯಾಮ್ ಎಂಬ ತಲೆಬರಹ, 15 ದಾಟಿದರೆ ನಿರಾಕರಣೆ. ಆರಕ್ಕೂ ಹದಿನೈದಕ್ಕೂ ನಡುವಿನ ಈ ಅಗಲವೇ ಇದರ ವಿವೇಕ ಎಂದು ನನಗೆ ಅನ್ನಿಸುತ್ತದೆ. ಖಚಿತವಾದದ್ದನ್ನು ಬಾಗಿಲಲ್ಲಿ ನಿರಾಕರಿಸಿ, ಅನುಮಾನದ್ದನ್ನು ಪಡೆಯುವವರ ಜಂಕ್ ಫೋಲ್ಡರ್‌ಗೆ ಹಾಕುವುದರಿಂದ, ಪತ್ರ ಕಳುಹಿಸಿದವರಿಗೆ ಸುದ್ದಿ ಸಿಗುತ್ತದೆ, ಇಲ್ಲವೇ ಪಡೆಯುವವರ ಕಣ್ಣಿಗೆ ಬೀಳುತ್ತದೆ.

ಈ ಅಂಕಗಳಲ್ಲಿ ತೂಕದ್ದು ಬೇಯ್ಸ್ ಸಂಖ್ಯಾಶಾಸ್ತ್ರದಿಂದ ಬರುವುದು. ಹಿಂದಿನ ಸ್ಪ್ಯಾಮ್‌ಗಳಲ್ಲಿ ಮತ್ತು ಒಳ್ಳೆಯ ಪತ್ರಗಳಲ್ಲಿ ಪ್ರತಿಯೊಂದು ಪದ ಎಷ್ಟು ಸಲ ಬಂದಿತ್ತು ಎಂಬ ಲೆಕ್ಕವಿಟ್ಟು, ಹೊಸ ಪತ್ರದ ಪದಗಳು ಯಾವ ಕಡೆಗೆ ವಾಲುತ್ತವೆ ಎಂದು ಅದು ನೋಡುತ್ತದೆ. ಎರಡೂ ಬಗೆಯ ಕನಿಷ್ಠ 200 ಪತ್ರಗಳನ್ನು ಕಲಿಸುವವರೆಗೆ ಅದು ತೀರ್ಪು ಹೇಳುವುದೇ ಇಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ: ಸಾವಿರ ಸ್ಪ್ಯಾಮ್ ಕಲಿಸುತ್ತಾರೆ, ಒಳ್ಳೆಯ ಪತ್ರಗಳನ್ನು ಕಲಿಸಲು ಮರೆಯುತ್ತಾರೆ. ಬಳಕೆದಾರರ ಪತ್ರಪೆಟ್ಟಿಗೆಗಳನ್ನು ನೋಡಿಕೊಳ್ಳುವ ಡವ್‌ಕಾಟ್ ತಂತ್ರಾಂಶದ ಒಂದು ಏರ್ಪಾಡಿನಿಂದ ಬಳಕೆದಾರರು ಪತ್ರವನ್ನು ಜಂಕ್‌ಗೆ ಎಳೆದು ಹಾಕಿದಾಗ ಸ್ಪ್ಯಾಮ್ ಎಂದೂ, ಜಂಕ್‌ನಿಂದ ಹೊರಗೆ ತೆಗೆದಾಗ ಒಳ್ಳೆಯದೆಂದೂ ತಾನಾಗಿ ಕಲಿಯುವಂತೆ ಮಾಡಬಹುದು.

ಕನ್ನಡದ ಪತ್ರಗಳ ವಿಚಾರ ಬೇರೆ, ಮತ್ತು ಇದನ್ನು ನಮ್ಮವರೇ ಗಮನಿಸಬೇಕು. ಕಾಫಿ, ಕಾಫಿಯ, ಕಾಫಿಗೆ, ಕಾಫಿಯನ್ನು, ಕಾಫಿಯಿಂದ, ಕಾಫಿಯಲ್ಲೂ: ನಮಗೆ ಒಂದೇ ಪದದ ರೂಪಗಳಾದ ಇವು ಈ ಲೆಕ್ಕದಲ್ಲಿ ಆರು ಬೇರೆ ಬೇರೆ ಪದಗಳು. ಪ್ರತ್ಯಯ ಅಂಟಿಸಿಕೊಳ್ಳುವ ಭಾಷೆಯಲ್ಲಿ ಒಂದೊಂದು ರೂಪವೂ ವಿರಳವಾಗುವುದರಿಂದ, ಇಂಗ್ಲಿಷಿಗೆ ಸಾಕಾಗುವ 200 ಪತ್ರ ಕನ್ನಡಕ್ಕೆ ಸಾಕಾಗುವುದಿಲ್ಲ. ನಮ್ಮ ಬಳಕೆದಾರರು ಕೊಡವ ತಕ್ಕನ್ನೂ ಅರೆಭಾಷೆಯನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಅವುಗಳ ಪದಗಳೂ ಇದೇ ರಾಶಿಗೆ ಸೇರುತ್ತವೆ. ಇನ್ನೊಂದು ತೊಡಕು ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸ. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಸಾಲುಗಳನ್ನು ಪತ್ರಕ್ಕೆ ಅಂಟಿಸಿದರೆ, ಫಾಂಟ್ ಇಲ್ಲದ ಯಂತ್ರಕ್ಕೆ ಕಾಣುವುದು ತಲೆಯ ಮೇಲೆ ಚಿಹ್ನೆ ಹೊತ್ತ ಲ್ಯಾಟಿನ್ ಅಕ್ಷರಗಳ ಅರ್ಥವಿಲ್ಲದ ಗೋಜಲು. ಸೋಸುಕಕ್ಕೂ ಅದು ಹಾಗೆಯೇ ಕಾಣುತ್ತದೆ, ಮತ್ತು ಅರ್ಥವಿಲ್ಲದ ಅಕ್ಷರಗಳ ಸಾಲು ಸ್ಪ್ಯಾಮ್‌ನ ಲಕ್ಷಣವೂ ಹೌದು. ಗ್ರಾಮಸಭೆಯ ನಿರ್ಣಯದ ಪ್ರತಿ ಜಂಕ್‌ಗೆ ಬಿದ್ದದ್ದನ್ನು ನೋಡಿದ ಮೇಲೆ, ಇಂತಹ ಪತ್ರಗಳನ್ನು ಆರಿಸಿ ಆರಿಸಿ ಒಳ್ಳೆಯವೆಂದು ಕಲಿಸಿದೆ. ಸುಧಾರಣೆ ಕಣ್ಣಿಗೆ ಕಾಣುವಂತಿತ್ತು. ಸ್ಪ್ಯಾಮ್‌ಅಸ್ಯಾಸಿನ್ ಬಳಸುವವರು ಡಿಸೆಂಬರ್ 2022ರಲ್ಲಿ ಬಂದ 4.0 ಆವೃತ್ತಿಗಾದರೂ ಏರಬೇಕು, ಯೂನಿಕೋಡ್ ಪಠ್ಯವನ್ನು ನಿಭಾಯಿಸುವುದರಲ್ಲಿ ಅದು ಹಿಂದಿನವುಗಳಿಗಿಂತ ಬಹಳ ಮೇಲು.

ವೈರಸ್ ಪರೀಕ್ಷೆಯಲ್ಲಿ ಅಂಕಗಳ ಮಾತಿಲ್ಲ. ಕ್ಲ್ಯಾಮ್‌ಎವಿ ಲಗತ್ತುಗಳನ್ನು ಬಿಚ್ಚಿ, ಜಿಪ್ ಕಡತದೊಳಗಿನ ಕಡತಗಳನ್ನೂ ಬಿಚ್ಚಿ, ತನ್ನ ಬಳಿಯಿರುವ ಲಕ್ಷಾಂತರ ವೈರಸ್ ಗುರುತುಗಳೊಂದಿಗೆ ಹೋಲಿಸುತ್ತದೆ. ಆ ಗುರುತುಗಳೆಲ್ಲ ಸ್ಮೃತಿಯಲ್ಲೇ ಇರಬೇಕಾದ್ದರಿಂದ ಅದೊಂದಕ್ಕೇ ಒಂದು ಜಿಬಿಗೂ ಮಿಕ್ಕಿದ ರ‍್ಯಾಮ್ ಬೇಕು, ಗುರುತುಗಳನ್ನು ಹೊಸದಾಗಿ ತುಂಬಿಕೊಳ್ಳುವಾಗ ಹಳೆಯದೂ ಹೊಸದೂ ಒಟ್ಟಿಗಿದ್ದು ಸುಮಾರು ಎರಡು ಪಟ್ಟಾಗುತ್ತದೆ. ಒಂದು ಜಿಬಿಯ ಅಗ್ಗದ ಸರ್ವರ್‌ನಲ್ಲಿ ಅದನ್ನು ನಿಲ್ಲಿಸಲು ಹೆಣಗುವವರನ್ನು ಕಂಡಿದ್ದೇನೆ. 4 ಜಿಬಿ ಇಲ್ಲದೆ ಆರಂಭಿಸಬೇಡಿ. ಗಮನಿಸದೆ ಬಿಡುವ ಇನ್ನೊಂದು ಸಂಗತಿ ಗಾತ್ರದ ಮಿತಿ. ಪೋಸ್ಟ್‌ಫಿಕ್ಸ್ ರೂಢಿಯಲ್ಲಿ ಸುಮಾರು 10 ಎಂಬಿ ಗಾತ್ರದವರೆಗಿನ ಪತ್ರ ಒಪ್ಪುತ್ತದೆ. ತೋಟದ ಚಿತ್ರಗಳನ್ನು ಕಳುಹಿಸಬೇಕೆಂದು ಅದನ್ನು 50ಕ್ಕೆ ಏರಿಸಿ, ವೈರಸ್ ಪರೀಕ್ಷೆಯ ಮಿತಿಯನ್ನು ಹಿಂದಿನಂತೆಯೇ ಬಿಟ್ಟರೆ, ದೊಡ್ಡ ಪತ್ರಗಳು ಪರೀಕ್ಷೆಯಿಲ್ಲದೆ ಒಳಗೆ ಬರುತ್ತವೆ.

ಗುರುತುಗಳನ್ನು ನಂಬಿ ಕೂರುವಂತಿಲ್ಲ. ಇಂದು ಬೆಳಿಗ್ಗೆ ಹೊರಬಿದ್ದ ವೈರಸ್‌ನ ಗುರುತು ಸಿದ್ಧವಾಗಲು ಕೆಲವು ಗಂಟೆಗಳು ಬೇಕು. ಗುಪ್ತಪದ ಹಾಕಿದ ಜಿಪ್ ಕಡತವನ್ನು, ಗುಪ್ತಪದ ಪತ್ರದ ಒಡಲಲ್ಲೇ ಬರೆದಿದ್ದರೂ, ಸಾಮಾನ್ಯವಾಗಿ ಬಿಚ್ಚಲಾಗದು. ಹೋಂಸ್ಟೇಗಳಿಗೆ ಬರುವ ಮೋಸದ ಪತ್ರಗಳು ಹೆಚ್ಚಾಗಿ ಈ ವೇಷದಲ್ಲೇ ಬರುತ್ತವೆ: ‘ನಮ್ಮ ಅತಿಥಿಗಳ ಪಟ್ಟಿ ಲಗತ್ತಿಸಿದೆ, ಗುಪ್ತಪದ ಕೆಳಗಿದೆ’. ಆದ್ದರಿಂದ ಗುರುತು ಸಿಗಲಿ ಬಿಡಲಿ, ನೇರವಾಗಿ ಓಡುವ ಕಡತಗಳನ್ನು, ಅಂದರೆ ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಬಾಲಗಳಿರುವವನ್ನು, ಬಾಗಿಲಲ್ಲೇ ನಿರಾಕರಿಸುತ್ತೇನೆ. ಗುಪ್ತಪದದ ಜಿಪ್ ಬಂದ ಪತ್ರವನ್ನು ಜಂಕ್‌ಗೆ ಹಾಕಿ, ಕಳುಹಿಸಿದವರಿಗೆ ಫೋನ್ ಮಾಡದೆ ತೆರೆಯಬೇಡಿ ಎಂದು ಎಲ್ಲರಿಗೂ ಹೇಳಿದ್ದೇನೆ.

ಇನ್ನು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಕಡಿದರೆ ಕರೆಂಟು ಯಾವಾಗ ಬರುವುದೋ ಹೇಳಲಾಗದು, ಯುಪಿಎಸ್ ಬ್ಯಾಟರಿಗೂ ಒಂದು ಮಿತಿಯಿದೆ. ಇದರಿಂದ ಪತ್ರಗಳು ಕಳೆದುಹೋಗುತ್ತವೆ ಎಂಬ ಅಂಜಿಕೆಯಿಂದ ಬೇರೆಡೆ ಒಂದು ಬದಲಿ ಎಂಎಕ್ಸ್ ಸರ್ವರ್, ಅಂದರೆ ನಮ್ಮ ಡೊಮೇನ್‌ಗೆ ಬರುವ ಪತ್ರಗಳನ್ನು ನಮ್ಮ ಬದಲು ಪಡೆಯುವ ಸರ್ವರ್, ಇಡುವ ಆಸೆ ಸಹಜ. ಆದರೆ ಅದರ ಅಗತ್ಯ ಕಡಿಮೆ, ಅಪಾಯ ಹೆಚ್ಚು. ತಲುಪದ ಪತ್ರವನ್ನು ಕಳುಹಿಸುವ ಸರ್ವರ್ ಕನಿಷ್ಠ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕೆಂಬುದು ಎಸ್‌ಎಂಟಿಪಿಯ ರೂಢಿ. ಪೋಸ್ಟ್‌ಫಿಕ್ಸ್‌ನಲ್ಲಿ ಅದು ಐದು ದಿನ. ಎರಡು ದಿನ ಕತ್ತಲಾದರೂ ಪತ್ರಗಳು ಕಳುಹಿಸಿದವರ ಸರದಿಯಲ್ಲಿ ಭದ್ರವಾಗಿರುತ್ತವೆ. ಬದಲಿ ಸರ್ವರ್‌ನಲ್ಲಿ ಇಷ್ಟೇ ಬಿಗಿಯಾದ ಸೋಸುವಿಕೆಯೂ, ಬಳಕೆದಾರರ ಪೂರ್ತಿ ಪಟ್ಟಿಯೂ ಇಲ್ಲದಿದ್ದರೆ ಸ್ಪ್ಯಾಮ್ ಯಂತ್ರಗಳು ಆ ಹಿಂಬಾಗಿಲನ್ನೇ ಹುಡುಕಿ ಬರುತ್ತವೆ, ಮತ್ತು ಅದು 250 ಎಂದ ಪತ್ರಗಳನ್ನು ನಾವು ಬಾಗಿಲಲ್ಲಿ ನಿರಾಕರಿಸುವಂತೆಯೂ ಇರುವುದಿಲ್ಲ.

ಗಮನ ಬೇಕಾದದ್ದು ಕರೆಂಟು ಮರಳಿ ಬಂದ ಮೊದಲ ಎರಡು ನಿಮಿಷಗಳಿಗೆ. ಪೋಸ್ಟ್‌ಫಿಕ್ಸ್ ಕೂಡಲೇ ಎದ್ದು ಬಾಗಿಲು ತೆರೆಯುತ್ತದೆ. ಕ್ಲ್ಯಾಮ್‌ಎವಿ ಇನ್ನೂ ಗುರುತುಗಳನ್ನು ಸ್ಮೃತಿಗೆ ತುಂಬಿಕೊಳ್ಳುತ್ತಿರುತ್ತದೆ. ಹೊರಗೆ ಕಾದಿದ್ದ ಪತ್ರಗಳು ನುಗ್ಗುವುದು ಆಗಲೇ. ಮಿಲ್ಟರ್ ಉತ್ತರಿಸದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಪೋಸ್ಟ್‌ಫಿಕ್ಸ್‌ನ ರೂಢಿಯ ಉತ್ತರ ‘ಆಮೇಲೆ ಬನ್ನಿ’. ಅದನ್ನು ‘ಒಪ್ಪಿಕೊ’ ಎಂದು ಬದಲಿಸುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ದಯವಿಟ್ಟು ಬದಲಿಸಬೇಡಿ. ಆರ್‌ಸ್ಪ್ಯಾಮ್‌ಡಿ ಎದ್ದಿದ್ದು ಕ್ಲ್ಯಾಮ್‌ಎವಿ ಮಾತ್ರ ಸಿದ್ಧವಾಗದಿದ್ದಾಗಿನ ಸ್ಥಿತಿ ಇನ್ನೂ ಸೂಕ್ಷ್ಮ: ವೈರಸ್ ಪರೀಕ್ಷೆ ವಿಫಲವಾಯಿತು ಎಂಬ ಗುರುತನ್ನು ಹಾಕಿ ಆರ್‌ಸ್ಪ್ಯಾಮ್‌ಡಿ ಪತ್ರವನ್ನು ಮುಂದಕ್ಕೆ ಬಿಡುತ್ತದೆ. ಆ ಗುರುತು ಬಿದ್ದ ಪತ್ರಕ್ಕೆ ತಾತ್ಕಾಲಿಕ ನಿರಾಕರಣೆ ಎಂಬ ಒಂದು ನಿಯಮವನ್ನು ನಾವೇ ಸೇರಿಸಬೇಕು.

ಇವೆಲ್ಲವನ್ನೂ ಜೋಡಿಸಿದ ದಿನವೇ ನಿರಾಕರಣೆಯನ್ನು ಜಾರಿಗೆ ತರಬಾರದು. ಕಪ್ಪುಪಟ್ಟಿಯಂತಹ ನಿಯಮಗಳ ಮುಂದೆ ‘ಎಚ್ಚರಿಕೆ ಮಾತ್ರ’ ಎಂಬ ಪದ ಸೇರಿಸಿದರೆ, ನಿರಾಕರಿಸುವ ಬದಲು ನಿರಾಕರಿಸಬಹುದಾಗಿತ್ತು ಎಂದು ಪೋಸ್ಟ್‌ಫಿಕ್ಸ್ ದಾಖಲೆಯಲ್ಲಷ್ಟೇ ಬರೆಯುತ್ತದೆ. ಎರಡು ವಾರ ಹಾಗೆ ನಡೆಸಿ ಆ ಸಾಲುಗಳನ್ನು ದಿನವೂ ಓದಿ. ಪರೀಕ್ಷೆಗೆಂದೇ ಮಾಡಿದ ಎರಡು ನಿರುಪದ್ರವಿ ಸಾಲುಗಳಿವೆ. ಐಕಾರ್ ಎಂಬ 68 ಅಕ್ಷರಗಳ ಸಾಲನ್ನು ಎಲ್ಲ ವೈರಸ್ ತಂತ್ರಾಂಶಗಳೂ ವೈರಸ್ ಎಂದೇ ಗುರುತಿಸಬೇಕು. ಜಿಟ್ಯೂಬ್ ಎಂಬ ಸಾಲನ್ನು ಸ್ಪ್ಯಾಮ್ ಸೋಸುಕಗಳು ಖಚಿತ ಸ್ಪ್ಯಾಮ್ ಎನ್ನಬೇಕು. ಇವುಗಳನ್ನು ನಮ್ಮ ಜಾಲದೊಳಗಿಂದ ಕಳುಹಿಸಿದರೆ ವಿನಾಯಿತಿ ಸಿಕ್ಕಿಬಿಡಬಹುದಾದ್ದರಿಂದ ಹೊರಗಿನ ಸರ್ವರ್‌ನಿಂದ ಕಳುಹಿಸಬೇಕು. ಕೆಲವು ದೊಡ್ಡ ಸೇವೆಗಳು ಐಕಾರ್ ಇರುವ ಪತ್ರವನ್ನು ತಮ್ಮಲ್ಲೇ ತಡೆಯುತ್ತವೆ. ನಾನು ಬೆಂಗಳೂರಿನ ಸ್ನೇಹಿತರೊಬ್ಬರ ಸರ್ವರ್‌ನಿಂದ ಕಳುಹಿಸುತ್ತೇನೆ. ನೋಡಬೇಕಾದದ್ದು ನಮ್ಮ ಪೆಟ್ಟಿಗೆ ಖಾಲಿ ಇದೆಯೇ ಎಂಬುದನ್ನಷ್ಟೇ ಅಲ್ಲ. 5ರಿಂದ ಮೊದಲಾಗುವ ಉತ್ತರ, ಅದರ ಜೊತೆಗೆ ನಾವು ಬರೆದಿಟ್ಟ ಕಚೇರಿಯ ಫೋನ್ ಸಂಖ್ಯೆ, ಎರಡೂ ಕಳುಹಿಸಿದವರ ಪೆಟ್ಟಿಗೆಗೆ ಮರಳಿ ಬಂದಿವೆಯೇ ಎಂದು ಸ್ನೇಹಿತರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ನಾನು ‘ಎಚ್ಚರಿಕೆ ಮಾತ್ರ’ ಎಂಬ ಪದವನ್ನು ಅಳಿಸಿದ್ದು.